ಪದಚರ್ಚೆ: ‘ಪುಟ್ ಅಪ್ ವಿತ್’ ಅಂದರೆ ಸಹಿಸುವುದೋ, ಏಗುವುದೋ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿಗೆ ಬಂದ ಮಕ್ಕಳಿಗಾಗಿ ನಾವು ಕೆಲವರು ಸೇರಿ ಒಂದು ಚಿಕ್ಕ ಕೈಪಿಡಿ ಮಾಡುತ್ತಿದ್ದೇವೆ. ಅದರಲ್ಲಿ ದಿನಬಳಕೆಯ ಇಂಗ್ಲಿಷ್ ನುಡಿಗಟ್ಟುಗಳಿವೆ. ಜಾಸ್ತಿ ಇರುವುದು ‘ಫ್ರೇಸಲ್ ವರ್ಬ್’ ಅನ್ನುತ್ತಾರಲ್ಲ, ಕ್ರಿಯಾಪದಕ್ಕೆ ಒಂದು ಚಿಕ್ಕ ಪದ ಅಂಟಿಕೊಂಡು ಬೇರೆ ಅರ್ಥ ಕೊಡುವ ಜೋಡಿ, ಆ ಗುಂಪಿನವು: ಗಿವ್ ಅಪ್, ಪುಟ್ ಆಫ್, ಲುಕ್ ಆಫ್ಟರ್ ಇತ್ಯಾದಿ. ಒಂದೊಂದರ ಎದುರಿಗೂ ಒಂದು ಕನ್ನಡದ ಮಾತು ಇರಬೇಕು ಅನ್ನುವುದು ಆಸೆ. ಬಹಳಷ್ಟಕ್ಕೆ ಸಲೀಸಾಗಿ ಸಿಕ್ಕಿತು. ಕೆಲವು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಕೂತಿವೆ. ಅವನ್ನು ಇಲ್ಲಿ ಇಡುತ್ತಿದ್ದೇನೆ, ಬಲ್ಲವರು ಹೇಳಿ.

ಮೊದಲನೆಯದು ‘ಪುಟ್ ಅಪ್ ವಿತ್’. ನಿಘಂಟು ತೆರೆದರೆ ‘ಸಹಿಸು’, ‘ಸಹಿಸಿಕೊಳ್ಳು’ ಅಂತ ಇರುತ್ತದೆ. ತಪ್ಪೇನಿಲ್ಲ. ಆದರೆ ‘ಪುಟ್ ಅಪ್ ವಿತ್’ನಲ್ಲಿ ಒಂದು ಗೊಣಗಾಟ ಇದೆ. ಗಂಡನ ಗೊರಕೆ, ಮೇಲಿನ ಮನೆಯವರ ಮಿಕ್ಸಿ ಸದ್ದು, ದಿನಾ ಕಿರಿಕಿರಿ ಮಾಡುವ ಬಾಸು, ಇವನ್ನೆಲ್ಲ ಬೇರೆ ದಾರಿ ಇಲ್ಲದೆ ಅನುಭವಿಸುತ್ತಾ ಇರುವವರ ಮಾತು ಅದು. ‘ಸಹಿಸು’ ಅಂದ ತಕ್ಷಣ ಆ ಗೊಣಗಾಟ ಹೋಗಿ ಒಂದು ಗಂಭೀರ ಮುಖ ಬಂದುಬಿಡುತ್ತದೆ. ನನ್ನ ಓಟು ‘ಏಗು’ ಪದಕ್ಕೆ. ‘ಈ ಮನುಷ್ಯನ ಜೊತೆ ಏಗಿ ಏಗಿ ಸಾಕಾಯ್ತು’ ಅನ್ನುತ್ತೇವಲ್ಲ, ಅದೇ ಧಾಟಿ. ಇಂಗ್ಲಿಷಿನ ‘ವಿತ್’ ಕೂಡ ‘ಜೊತೆ’ ಆಗಿ ತಾನಾಗಿಯೇ ಬಂದು ಕೂರುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಪದ ಸಿಗುವುದೇ ಅಪರೂಪ.

ನಮ್ಮ ಗುಂಪಿನ ಒಬ್ಬರು ಇದನ್ನು ಒಪ್ಪುವುದಿಲ್ಲ. ಏಗುವುದರಲ್ಲಿ ಗುದ್ದಾಟ ಇದೆ, ‘ಪುಟ್ ಅಪ್ ವಿತ್’ನಲ್ಲಿ ಸುಮ್ನೆ ಬಾಯಿ ಮುಚ್ಚಿಕೊಂಡು ಇರುವುದಿದೆ ಅನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ‘ಮೋರಿ ವಾಸನೆಯ ಜೊತೆ ಏಗುತ್ತಿದ್ದೇವೆ’ ಅಂದರೆ ಕಿವಿಗೆ ಒಂಥರಾ ಆಗುತ್ತದೆ. ಅಲ್ಲಿ ನಾವು ಹೇಳುವುದು ‘ತಡೆದುಕೊಳ್ಳೋಕೆ ಆಗಲ್ಲ’ ಅಂತ. ಹಾಗಾಗಿ ಈಗಿನ ರಾಜಿ ಹೀಗಿದೆ: ಮನುಷ್ಯರಾದರೆ ಏಗು, ಸದ್ದು, ವಾಸನೆ, ಚಳಿ ಆದರೆ ತಡೆದುಕೊ. ಧಾರವಾಡದ ಕಡೆಯ ‘ಸಂಭಾಳಿಸು’ ಕೂಡ ಚರ್ಚೆಗೆ ಬಂತು. ನನಗೆ ಅದು ‘ಮ್ಯಾನೇಜ್’ ಮಾಡುವುದಕ್ಕೆ ಹತ್ತಿರ ಅನಿಸುತ್ತದೆ. ಸಂಭಾಳಿಸುವವನ ಕೈಯಲ್ಲಿ ಸ್ವಲ್ಪ ಹಿಡಿತ ಇರುತ್ತದೆ, ಏಗುವವನಿಗೆ ಅದೂ ಇಲ್ಲ. ಬೆಂಗಳೂರಿನ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ಯನ್ನು ಹಾಕೋಣ ಅಂದವರೂ ಇದ್ದಾರೆ. ನಗಬೇಡಿ, ಅರ್ಥದಲ್ಲಿ ಅದು ದೂರ ಏನಿಲ್ಲ!

ಸಹಿಸು ಬೇಡ ಅಂತ ನಾನು ಹಟ ಹಿಡಿಯಲು ಇನ್ನೊಂದು ಕಾರಣ ಇದೆ. ನಮ್ಮ ಮಕ್ಕಳಿಗೆ ಇಂಗ್ಲಿಷಿನ ದೊಡ್ಡ ಪದಗಳು ಗೊತ್ತು, ಚಿಕ್ಕವು ಗೊತ್ತಿಲ್ಲ. ಟಾಲರೇಟ್, ಪೋಸ್ಟ್‌ಪೋನ್, ಇನ್ವೆಸ್ಟಿಗೇಟ್, ಎಕ್ಸ್‌ಟಿಂಗ್ವಿಶ್ ಅಂದರೆ ಅರ್ಥವಾಗುತ್ತದೆ. ಪುಟ್ ಅಪ್ ವಿತ್, ಪುಟ್ ಆಫ್, ಲುಕ್ ಇನ್‌ಟು, ಪುಟ್ ಔಟ್ ಅಂದರೆ ತಡವರಿಸುತ್ತಾರೆ. ಆದರೆ ಇಂಗ್ಲಿಷಿನವರು ಮನೆಯಲ್ಲಿ ಆಡುವುದು ಈ ಎರಡನೆಯ ಸಾಲಿನದನ್ನು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನಕ್ಕೆ, ಕೋರ್ಟಿಗೆ ಫ್ರೆಂಚ್ ಬಂತು. ಓದುಬರಹಕ್ಕೆ ಲ್ಯಾಟಿನ್ ಮೊದಲೇ ಇತ್ತು. ಭಾರದ ಪದಗಳೆಲ್ಲ ಆ ಕಡೆಯಿಂದ ಬಂದವು. ಊರಿನ ಜನರ ಬಾಯಲ್ಲಿ ಗೆಟ್, ಪುಟ್, ಗಿವ್, ಟೇಕ್ ಉಳಿದವು. ಟಾಲರೇಟ್, ಪೋಸ್ಟ್‌ಪೋನ್ ಅಂತಲೇ ಮಾತಾಡುವವನು ಅವರ ಕಿವಿಗೆ ಹೇಗೆ ಕೇಳಿಸುತ್ತಾನೆ ಅಂದರೆ, ಅಡುಗೆಮನೆಗೆ ಬಂದು ‘ಅಮ್ಮಾ, ಭೋಜನ ಸಿದ್ಧವಾಗಿದೆಯೇ?’ ಅಂತ ಕೇಳುವ ಮಗನ ಹಾಗೆ. ಅದಕ್ಕೇ ಅವರ ಮನೆಮಾತಿಗೆ ನಮ್ಮ ಮನೆಮಾತೇ ಎದುರಾಗಲಿ ಅನ್ನುತ್ತಿರುವುದು.

ಇನ್ನೊಂದು ಜಗಳ ಕಲಿಸುವ ರೀತಿಯದು. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಪುಸ್ತಕಗಳು ಮೊದಲು ‘ಅಪ್ ಅಂದರೆ ಮೇಲೆ, ಆಫ್ ಅಂದರೆ ಆಚೆ, ಔಟ್ ಅಂದರೆ ಹೊರಗೆ’ ಅಂತ ಪಟ್ಟಿ ಕೊಟ್ಟು, ಆಮೇಲೆ ನೂರಾರು ಉದಾಹರಣೆ ಸುರಿಯುತ್ತವೆ. ಮಗು ‘ಈಟ್ ಅಪ್’ ಅಂದರೆ ಮೇಲೆ ತಿನ್ನುವುದೇ ಅಂತ ಕಕ್ಕಾಬಿಕ್ಕಿ. ಇದು ನಮ್ಮವರಿಗೆ ಮಾತ್ರ ಇರುವ ಕಷ್ಟ ಅಲ್ಲ. 1755ರಲ್ಲಿ ತನ್ನ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಹೊರದೇಶದವರಿಗೆ ತುಂಬಾ ಕಷ್ಟ ಕೊಡುವುದು ಕ್ರಿಯಾಪದದ ಹಿಂದೆ ಅಂಟಿಕೊಳ್ಳುವ ಈ ಚಿಕ್ಕ ಪದಗಳೇ ಅಂತ ಮುನ್ನುಡಿಯಲ್ಲೇ ಬರೆದಿದ್ದಾನೆ. ಆಗ ಇದಕ್ಕೆ ಹೆಸರೂ ಇರಲಿಲ್ಲ. ‘ಫ್ರೇಸಲ್ ವರ್ಬ್’ ಅನ್ನುವ ಹೆಸರನ್ನು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅಚ್ಚಿಗೆ ತಂದ. ಅದನ್ನು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ.

ಆದರೆ ಕನ್ನಡದವರಿಗೆ ಒಂದು ಅನುಕೂಲ ಇದೆ. ಇಂಥದ್ದೇ ಒಂದು ಕಸುಬು ನಮ್ಮ ಭಾಷೆಯಲ್ಲಿ ಹುಟ್ಟಿನಿಂದ ಇದೆ. ‘ತಿಂದುಬಿಡು’, ‘ಹರಿದುಹಾಕು’, ‘ಸುಟ್ಟುಹೋಗು’, ‘ಓದಿಕೊ’, ‘ಬಿಟ್ಟುಕೊಡು’. ಇಲ್ಲಿ ಎರಡನೆಯ ಪದಕ್ಕೆ ಅದರ ಸ್ವಂತ ಅರ್ಥ ಇಲ್ಲ. ‘ತಗೊಂಡುಬಿಡು’ ಅನ್ನುವಾಗ ತಗೊಳ್ಳುವುದೂ ಇದೆ, ಬಿಡುವುದೂ ಇದೆ, ಆದರೂ ಯಾರಿಗೂ ಗೊಂದಲ ಆಗುವುದಿಲ್ಲ. ‘ಬಿಡು’ ಅಲ್ಲಿ ಕೆಲಸ ಪೂರ್ತಿ ಆಗಲಿ ಅನ್ನುವ ಒತ್ತು ಕೊಡುತ್ತಿದೆ, ಅಷ್ಟೆ. ಇಂಗ್ಲಿಷಿನ ‘ಅಪ್’ ಎಷ್ಟೋ ಕಡೆ ಮಾಡುವುದೂ ಇದನ್ನೇ. ಈಟ್ ಅಪ್ ಅಂದರೆ ತಿಂದುಬಿಡು. ಟೇರ್ ಅಪ್ ಅಂದರೆ ಹರಿದುಹಾಕು. ಯೂಸ್ ಅಪ್ ಅಂದರೆ ಬಳಸಿ ಖಾಲಿ ಮಾಡು. ಮನೆ ‘ಬರ್ನ್ ಡೌನ್’ ಆದರೂ ಕಾಗದ ‘ಬರ್ನ್ ಅಪ್’ ಆದರೂ ಕನ್ನಡದಲ್ಲಿ ಎರಡೂ ಸುಟ್ಟುಹೋದವು. ಒಂದು ಕೆಳಗೆ ಯಾಕೆ, ಇನ್ನೊಂದು ಮೇಲೆ ಯಾಕೆ ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ‘ರೀಡ್ ಆನ್’ನಲ್ಲಿ ‘ಆನ್’ ಅಂದರೆ ಮೇಲೆ ಅಲ್ಲ, ಓದುತ್ತಾ ಹೋಗು ಅನ್ನುವುದರಲ್ಲಿನ ‘ಹೋಗು’. ‘ವಾಕ್ ಆಫ್’ ಅಂದರೆ ಹೊರಟುಹೋಗು. ಮಕ್ಕಳಿಗೆ ಮೊದಲು ತಮ್ಮ ಬಾಯಲ್ಲೇ ಇರುವ ಈ ಜೋಡಿಗಳನ್ನು ತೋರಿಸಿ, ಆಮೇಲೆ ಇಂಗ್ಲಿಷಿನದಕ್ಕೆ ಹೋಗಬೇಕು ಅನ್ನುವುದು ನನ್ನ ವಾದ. ಪಟ್ಟಿ ಆಮೇಲೆ ಬರಲಿ.

ಕನ್ನಡ ಕೈಹಿಡಿಯದ ಜಾಗವೂ ಇದೆ. ನಮ್ಮಲ್ಲಿ ‘ತಿಂದುಬಿಡು’ವಿನ ನಡುವೆ ‘ಅದನ್ನು’ ತೂರಿಸುವುದಿಲ್ಲ. ಇಂಗ್ಲಿಷಿನಲ್ಲಿ ತೂರಿಸಲೇಬೇಕು. ‘ಗಿವ್ ಅಪ್ ಇಟ್’ ಅಲ್ಲ, ‘ಗಿವ್ ಇಟ್ ಅಪ್’. ಅಡುಗೆ ಅನಿಲದ ಸಬ್ಸಿಡಿ ಬಿಟ್ಟುಕೊಡಿ ಅಂತ 2015ರಲ್ಲಿ ಕೇಂದ್ರ ಸರ್ಕಾರ ಮಾಡಿದ ಪ್ರಚಾರದ ಹೆಸರೇ ಇದು, ಆದ್ದರಿಂದ ಉದಾಹರಣೆಗೆ ಬೇರೆ ಕಡೆ ಹುಡುಕಬೇಕಿಲ್ಲ. ಆದರೆ ‘ಲುಕ್ ಆಫ್ಟರ್ ಹಿಮ್’ ಅನ್ನುವಾಗ ‘ಹಿಮ್’ ಕೊನೆಗೇ ಬರಬೇಕು. ಸಾಮಾನ್ಯವಾಗಿ ಅಪ್, ಆಫ್, ಔಟ್, ಡೌನ್, ಅವೇ ಇದ್ದರೆ ಇಟ್, ಹಿಮ್, ದೆಮ್ ಥರದವು ನಡುವೆ. ಆಫ್ಟರ್, ಫಾರ್, ಅಟ್, ವಿತ್ ಇದ್ದರೆ ಕೊನೆಗೆ. ಇದಕ್ಕಿಂತ ಜಾಸ್ತಿ ವ್ಯಾಕರಣ ಕೈಪಿಡಿಯಲ್ಲಿ ಬೇಡ ಅಂತ ತೀರ್ಮಾನ ಆಗಿದೆ.

‘ಗಿವ್ ಅಪ್’ಗೆ ಒಂದೇ ಅರ್ಥ ಕೊಟ್ಟು ಮುಗಿಸಬಾರದು. ಸಿಗರೇಟು ಗಿವ್ ಅಪ್ ಮಾಡಿದರೆ ‘ಬಿಟ್ಟ’. ಸೀಟು ಗಿವ್ ಅಪ್ ಮಾಡಿದರೆ ‘ಬಿಟ್ಟುಕೊಟ್ಟ’. ಎಷ್ಟು ಮಾಡಿದರೂ ಆಗಲಿಲ್ಲ ಅಂತ ಗಿವ್ ಅಪ್ ಮಾಡಿದರೆ ‘ಕೈಚೆಲ್ಲಿದ’. ಈ ಮೂರನೆಯದನ್ನು ನಿಘಂಟುಗಳು ‘ಪ್ರಯತ್ನವನ್ನು ತ್ಯಜಿಸು’ ಅನ್ನುತ್ತವೆ. ಕೈಚೆಲ್ಲಿ ಕೂತವನ ಮುಖ ಅದರಲ್ಲಿ ಕಾಣುತ್ತದೆಯೇ?

ಕೈ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡು ಅಂತ. ಹಾಗೇ ಕನ್ನಡಕ್ಕೆ ಇಳಿಸಿದರೆ ‘ಕೈಕೊಡು’. ಕೈಕೊಟ್ಟವನು ನಮ್ಮಲ್ಲಿ ಏನು ಮಾಡಿದ ಅಂತ ನಿಮಗೆ ಗೊತ್ತೇ ಇದೆ! ಇಂಗ್ಲಿಷಿನ ‘ಲೆಟ್ ಡೌನ್’ಗೆ ನಮ್ಮಲ್ಲಿರುವ ಸರಿಯಾದ ಮಾತೇ ಕೈಕೊಡು. ಗೆಳೆಯ ಕೊನೇ ಗಳಿಗೆಯಲ್ಲಿ ಕೈಕೊಟ್ಟ. ಮಳೆ ಕೈಕೊಟ್ಟಿತು. ಗಾಡಿ ನಡುದಾರಿಯಲ್ಲಿ ಕೈಕೊಟ್ಟಿತು ಅಂದರೆ ಅದು ‘ಬ್ರೇಕ್ ಡೌನ್’ ಕೂಡ ಹೌದು. ಸಹಾಯದ ಅರ್ಥಕ್ಕೆ ನಾವು ‘ಕೈಜೋಡಿಸು’ ಇಟ್ಟಿದ್ದೇವೆ. ‘ಗಿವ್ ಹಿಮ್ ಎ ಬಿಗ್ ಹ್ಯಾಂಡ್’ ಅಂತ ವೇದಿಕೆಯ ಮೇಲಿಂದ ಕೇಳಿಸಿದರೆ ಮಾತ್ರ ಅದು ಚಪ್ಪಾಳೆ.

‘ಗೆಟ್ ಅವೇ ವಿತ್’ಗೆ ‘ಶಿಕ್ಷೆಯಿಂದ ಪಾರಾಗು’ ಅಂತ ಬರೆದಿಟ್ಟಿದ್ದೆವು. ಸಪ್ಪೆ. ತಪ್ಪು ಮಾಡಿ, ಯಾರೂ ಕೇಳದೆ, ಆರಾಮಾಗಿ ಓಡಾಡಿಕೊಂಡಿರುವವನ ಬಗ್ಗೆ ನಮಗೆ ಆಗುವ ಹೊಟ್ಟೆಯುರಿ ಅದರಲ್ಲಿ ಇಲ್ಲ. ‘ದಕ್ಕಿಸಿಕೊಳ್ಳು’ ಹೇಗೆ? ‘ಅಷ್ಟು ದೊಡ್ಡ ಮೋಸ ಮಾಡಿಯೂ ದಕ್ಕಿಸಿಕೊಂಡ.’ ‘ಅರಗಿಸಿಕೊಂಡ’ ಅಂತಲೂ ಹೇಳುತ್ತಾರೆ, ಆದರೆ ಅದು ದುಡ್ಡು ತಿಂದ ವಿಷಯಕ್ಕೆ ಜಾಸ್ತಿ ಹೊಂದುತ್ತದೆ ಅನಿಸುತ್ತದೆ. ಹುಡುಗರು ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳದಿದ್ದರೆ ‘ದಕ್ಕಿಸಿಕೊಂಡರು’ ಅಂತ ನಿಮ್ಮ ಕಡೆ ಹೇಳುತ್ತೀರಾ, ಅಥವಾ ‘ಬಚಾವಾದರು’ ಅನ್ನುತ್ತೀರಾ?

ಈಗ ನಿಜವಾಗಿಯೂ ಅಪಾಯದ ಜಾಗಕ್ಕೆ ಬಂದೆ. ‘ಪುಟ್ ಆಫ್’ ಅಂದರೆ ಮುಂದೂಡು, ಮುಂದಕ್ಕೆ ಹಾಕು. ಇದರಲ್ಲಿ ತಕರಾರಿಲ್ಲ. ಆದರೆ ‘ಬ್ರಿಂಗ್ ಫಾರ್ವರ್ಡ್’? ಕನ್ನಡದ ತಲೆಗೆ ಅದು ಮುಂದಕ್ಕೆ ತರುವುದು, ಅಂದರೆ ಮುಂದಕ್ಕೆ ಹಾಕುವುದು, ಅಂದರೆ ತಡ. ಇಂಗ್ಲಿಷಿನಲ್ಲಿ ತದ್ವಿರುದ್ಧ. ಶುಕ್ರವಾರದ ಮೀಟಿಂಗನ್ನು ಬ್ರಿಂಗ್ ಫಾರ್ವರ್ಡ್ ಮಾಡಿದರೆ ಅದು ಬುಧವಾರಕ್ಕೋ ಗುರುವಾರಕ್ಕೋ ಬಂತು ಅಂತ. ‘ಪುಶ್ ಬ್ಯಾಕ್’ ಮಾಡಿದರೆ ತಡ ಆಯಿತು ಅಂತ, ನಮ್ಮ ಕಿವಿಗೆ ಅದು ಹಿಂದಕ್ಕೆ ತಳ್ಳಿದ ಹಾಗೆ ಕೇಳುತ್ತದೆ. ಅರ್ಜಿಯ ಕೊನೇ ದಿನ, ಇಂಟರ್ವ್ಯೂ ದಿನ ಇಂಥ ಕಡೆ ತಪ್ಪಿದರೆ ಪೆಟ್ಟು ದೊಡ್ಡದು. ಅದಕ್ಕೆ ಈ ಎರಡನ್ನೂ ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇವೆ. ‘ಮೂವ್ ಫಾರ್ವರ್ಡ್’ ಅಂದರಂತೂ ಇಂಗ್ಲಿಷಿನವರಲ್ಲೇ ಒಮ್ಮತ ಇಲ್ಲ, ಕೆಲವರಿಗೆ ಬೇಗ, ಕೆಲವರಿಗೆ ತಡ. ಕನ್ನಡದಲ್ಲೂ ಈ ತಮಾಷೆ ಇದೆ ನೋಡಿ. ‘ಮುಂದೆ’ ಅಂದರೆ ಆಮೇಲೆ, ‘ಮುಂಚೆ’ ಅಂದರೆ ಮೊದಲು. ಎರಡರಲ್ಲೂ ಇರುವುದು ಒಂದೇ ‘ಮುನ್’.

ಇದೇ ಕಾರಣಕ್ಕೆ ನಮ್ಮ ದೇಶದ ‘ಪ್ರಿಪೋನ್’ ನನಗೆ ಇಷ್ಟ. ಅದನ್ನು ತಪ್ಪು ಇಂಗ್ಲಿಷ್ ಅಂತ ಮೂಗು ಮುರಿಯುವವರು ಇದ್ದಾರೆ. ಈಗ ಅದು ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ಹಿಂದೆ ಮುಂದೆ ಅನ್ನುವ ಗೊಂದಲ ಅದರಲ್ಲಿಲ್ಲ. ಆದರೆ ಹೊರದೇಶದವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಅಂತ ಬರೆದು, ಹೊಸ ತಾರೀಕನ್ನೂ ಪಕ್ಕದಲ್ಲೇ ಹಾಕಿ ಅಂತ ಮಕ್ಕಳಿಗೆ ಹೇಳುವುದು ಒಳ್ಳೆಯದು.

ಕನ್ನಡದೊಳಗೆ ಆಗಲೇ ಬಂದು ಮನೆ ಮಾಡಿರುವವೂ ಬೇಕಾದಷ್ಟಿವೆ. ಸರ್ಕಾರಿ ಕಚೇರಿಯ ‘ಫೈಲ್ ಪುಟಪ್ ಮಾಡಿ’, ಸಿನಿಮಾದವರ ‘ಪ್ಯಾಕಪ್’ ಮತ್ತು ‘ಕಟೌಟ್’, ಶಾಲೆಯ ‘ಸೆಂಡಾಫ್’, ಬೆಂಗಳೂರಿನ ತುಂಬಾ ಇರುವ ‘ಲೇಔಟ್’, ಹುಡುಗರ ‘ಬ್ರೇಕಪ್’. ಒಂದು ಗಮನಿಸಿ. ನಾವು ಇವನ್ನೆಲ್ಲ ನಾಮಪದ ಮಾಡಿಕೊಂಡು, ಹಿಂದೆ ‘ಮಾಡು’, ‘ಆಗು’ ಸೇರಿಸಿಕೊಂಡಿದ್ದೇವೆ. ಇಂಗ್ಲಿಷ್ ಬರೆಯುವಾಗ ಎಡವುವುದು ಇಲ್ಲೇ. ಬ್ರೇಕಪ್, ಲಾಗಿನ್, ಸೆಟಪ್, ಪಿಕಪ್ ನಾಮಪದ ಆದಾಗ ಸೇರಿಸಿ ಬರೆಯುತ್ತಾರೆ ಇಲ್ಲವೇ ನಡುವೆ ಅಡ್ಡಗೆರೆ ಹಾಕುತ್ತಾರೆ. ಕ್ರಿಯಾಪದ ಆದಾಗ ಬಿಡಿಸಿಯೇ ಬರೆಯಬೇಕು. ಬಾಯಲ್ಲಿ ಹೇಳುವಾಗಲೂ ವ್ಯತ್ಯಾಸ ಇದೆ: ನಾಮಪದದಲ್ಲಿ ಒತ್ತು ಮೊದಲ ತುಂಡಿಗೆ, ‘ದ ಕಾರ್ ಬ್ರೋಕ್ ಡೌನ್’ ಅನ್ನುವಾಗ ‘ಡೌನ್’ಗೆ. ಅಂದ ಹಾಗೆ ಪುಟಪ್‌ಗೆ ಕಚೇರಿಯ ಹೊರಗೆ ಬೇರೆ ಬದುಕಿದೆ. ಯಾರನ್ನಾದರೂ ಎರಡು ದಿನ ಮನೆಯಲ್ಲಿ ಉಳಿಸಿಕೊಂಡರೆ ಅದೂ ‘ಪುಟ್ ಅಪ್’. ‘ವೇರ್ ಆರ್ ಯು ಪುಟ್ ಅಪ್?’ ಅಂತ ನಾವು ಕೇಳುವುದು ಎಲ್ಲಿ ಇದ್ದೀರಿ ಅನ್ನುವ ಅರ್ಥದಲ್ಲಿ. ಬ್ರಿಟಿಷರಿಗೆ ಅದು ಯಾರ ಮನೆಯಲ್ಲಿ ಉಳಿದುಕೊಂಡಿದ್ದೀರಿ ಅಂತ ಕೇಳಿದ ಹಾಗೆ. ‘ಪಾಸ್ ಔಟ್’ ಅದಕ್ಕಿಂತ ಜೋರು. ಕಾಲೇಜಿನಿಂದ ಪಾಸ್ ಔಟ್ ಆದೆ ಅಂತ ಅಮೆರಿಕದವರ ಮುಂದೆ ಹೇಳಿದರೆ ಪ್ರಜ್ಞೆ ತಪ್ಪಿ ಬಿದ್ದದ್ದೇ ಅವರಿಗೆ ಮೊದಲು ಹೊಳೆಯುತ್ತದೆ. ‘ಗ್ರಾಜುಯೇಟ್’ ಅನ್ನುವುದು ಕ್ಷೇಮ. ‘ಕೋಪ್ ಅಪ್ ವಿತ್’ ಅಂತೂ ಎಲ್ಲೂ ಸಲ್ಲುವುದಿಲ್ಲ. ಅದು ಬರೀ ‘ಕೋಪ್ ವಿತ್’. ಪುಟ್ ಅಪ್ ವಿತ್‌ನಿಂದ ‘ಅಪ್’ ಹಾರಿ ಬಂದು ಸೇರಿಕೊಂಡಿರಬೇಕು.

ಇನ್ನು ಗಾದೆ, ನುಡಿಗಟ್ಟು. ಇಲ್ಲಿ ನಾನು ನಿರ್ದಯವಾಗಿ ಕತ್ತರಿ ಹಾಕಿದ್ದೇನೆ. ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ನಮ್ಮ ಪಠ್ಯಪುಸ್ತಕಗಳ ಮುದ್ದಿನ ಕೂಸು, ಆದರೆ ಇವತ್ತು ಮಾತಿನಲ್ಲಿ ‘ಪೋರಿಂಗ್’ ಸಾಕು. ‘ಬಿಟ್ವೀನ್ ದ ಡೆವಿಲ್ ಅಂಡ್ ದ ಡೀಪ್ ಸೀ’ ಉಳಿಸಿಕೊಂಡೆ, ‘ಅತ್ತ ದರಿ ಇತ್ತ ಪುಲಿ’ ಅಷ್ಟು ಚೆನ್ನಾಗಿ ಹೊಂದುವಾಗ ಬಿಡಲು ಮನಸ್ಸು ಬರಲಿಲ್ಲ. ‘ಕಿಕ್ ದ ಬಕೆಟ್’ಗೆ ‘ಸಾಯು’ ಅಂತ ಅರ್ಥ ಕೊಟ್ಟು ಸುಮ್ಮನಾದರೆ ಯಾರಾದರೂ ಒಬ್ಬ ಅದನ್ನು ಸಂತಾಪದ ಕಾಗದದಲ್ಲಿ ಬರೆಯುತ್ತಾನೆ. ‘ಗೊಟಕ್ ಅಂದ’ ಅಂತ ಕೊಟ್ಟರೆ ಬರೆಯುವುದಿಲ್ಲ. ಸಂತಾಪಕ್ಕೆ ‘ಪಾಸ್ ಅವೇ’, ಎದುರಿಗೆ ‘ತೀರಿಕೊಂಡರು’.

ಐಟಿ ಕೆಲಸಕ್ಕೆ ಹೋಗುವವರಿಗೆ ಅಂತ ಒಂದು ಪುಟ ಬೇರೆ ಇದೆ. ನಾವು ಕ್ರಿಕೆಟ್ ನೋಡಿ ಬೆಳೆದವರು. ‘ಆನ್ ದ ಬ್ಯಾಕ್ ಫುಟ್’, ‘ಸ್ಟಿಕಿ ವಿಕೆಟ್’, ‘ಸ್ಟಂಪ್ಡ್’ ಇವು ವಿವರಿಸದೇ ಅರ್ಥ ಆಗುತ್ತವೆ. ಅಮೆರಿಕದ ಗಿರಾಕಿ ಮಾತಾಡುವುದು ಬೇಸ್‌ಬಾಲ್. ‘ಬಾಲ್‌ಪಾರ್ಕ್ ಫಿಗರ್’ ಕೊಡಿ ಅಂದರೆ ಒಂದು ಅಂದಾಜು ಲೆಕ್ಕ ಹೇಳಿ ಅಂತ. ‘ಟಚ್ ಬೇಸ್’ ಅಂದರೆ ಒಮ್ಮೆ ಮಾತಾಡಿಕೊಳ್ಳೋಣ ಅಂತ. ‘ಕರ್ವ್‌ಬಾಲ್’ ಅಂದರೆ ನಿರೀಕ್ಷೆ ಇಲ್ಲದೆ ಬಂದ ತೊಡಕು, ನಮ್ಮ ‘ಗೂಗ್ಲಿ’ ಥರ. ‘ಟೇಬಲ್’ ಪದದಲ್ಲಿ ಎರಡು ದೇಶಗಳೇ ಬೇರೆ ಬೇರೆ ದಾರಿ ಹಿಡಿದಿವೆ. ಬ್ರಿಟನ್ನಿನಲ್ಲೂ ನಮ್ಮ ಸದನಗಳಲ್ಲೂ ಅದು ಮಂಡಿಸುವುದು, ಅಮೆರಿಕದಲ್ಲಿ ಬದಿಗಿಡುವುದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ಕಡೆಯ ಅಧಿಕಾರಿಗಳು ಈ ಒಂದು ಪದಕ್ಕೆ ತುಂಬಾ ಹೊತ್ತು ವಾದ ಮಾಡಿದರು, ಆಮೇಲೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದು ಒಂದೇ ಆಗಿತ್ತು ಅಂತ ಚರ್ಚಿಲ್ ಬರೆದಿದ್ದಾನೆ.

ಕೈಪಿಡಿಗೆ ಬೇಡ, ಆದರೂ ಇಲ್ಲಿ ಹೇಳಬೇಕು ಅನಿಸಿತು. ತಲೆಕೆಟ್ಟಿದೆ ಅನ್ನುವುದಕ್ಕೆ ಬ್ರಿಟಿಷರು ‘ಡೂಲಾಲಿ’ ಅನ್ನುತ್ತಾರೆ. ಅದು ನಮ್ಮ ನೆರೆಯ ಮಹಾರಾಷ್ಟ್ರದ ದೇವಳಾಲಿ. ಅಲ್ಲಿನ ದಂಡಿನಲ್ಲಿ ಊರಿಗೆ ಹೋಗುವ ಹಡಗಿಗಾಗಿ ಕಾದು ಕಾದು ಬೇಸತ್ತ ಸಿಪಾಯಿಗಳಿಂದ ಬಂದ ಮಾತು. ‘ಹ್ಯಾವ್ ಎ ಡೆಕ್ಕೊ’ ಅನ್ನುವುದರಲ್ಲಿ ಇರುವುದು ಹಿಂದಿಯ ‘ದೇಖೋ’.

ಕೊನೆಯದು ‘ಲುಕ್ ಫಾರ್ವರ್ಡ್ ಟು’. ‘ಎದುರುನೋಡು’ ಹಾಕಿದ್ದೇವೆ. ಆದರೆ ನಾವು ಫಲಿತಾಂಶವನ್ನೂ ಎದುರುನೋಡುತ್ತೇವೆ, ಅದರಲ್ಲಿ ಖುಷಿ ಇರಲೇಬೇಕು ಅಂತಿಲ್ಲ. ಇಂಗ್ಲಿಷಿನದರಲ್ಲಿ ಖುಷಿ ಇರುತ್ತದೆ. ‘ದಾರಿ ಕಾಯ್ತಾ ಇದ್ದೀನಿ’ಯಲ್ಲಿ ಪ್ರೀತಿ ಇದೆ, ಆದರೆ ಕಂಪನಿಗೆ ಬರೆಯುವ ಕಾಗದಕ್ಕೆ ಅದು ಹೊಂದುವುದಿಲ್ಲ. ಇದರ ಹಿಂದೆ ‘ಟು ಮೀಟ್’ ಅಲ್ಲ, ‘ಟು ಮೀಟಿಂಗ್’ ಬರಬೇಕು ಅನ್ನುವುದನ್ನು ‘ಭೇಟಿಗೆ’ ಅನ್ನುವಲ್ಲಿನ ‘ಗೆ’ ತೋರಿಸಿ ಹೇಳಿದ್ದೇವೆ, ಅದು ಮಕ್ಕಳಿಗೆ ಬೇಗ ಹಿಡಿಯುತ್ತದೆ.

ಹಾಗಾದರೆ ನನಗೆ ಬೇಕಾಗಿರುವುದು ಇಷ್ಟು. ‘ಏಗು’ ನಿಮ್ಮ ಕಡೆ ಬಳಕೆಯಲ್ಲಿ ಇದೆಯೇ? ಕರಾವಳಿಯವರು, ಕಲಬುರಗಿ-ಬೀದರ್ ಕಡೆಯವರು ಏನನ್ನುತ್ತೀರಿ? ‘ಗೆಟ್ ಅವೇ ವಿತ್’ಗೆ ‘ದಕ್ಕಿಸಿಕೊಳ್ಳು’ ನಡೆಯುತ್ತದೆಯೇ? ಮದುವೆಯ ದಿನವನ್ನು ಮೊದಲು ಗೊತ್ತು ಮಾಡಿದ್ದಕ್ಕಿಂತ ಬೇಗ ಇಟ್ಟುಕೊಂಡರೆ, ಪ್ರಿಪೋನ್ ಅನ್ನದೆ, ನಿಮ್ಮ ಮನೆಯ ಹಿರಿಯರು ಯಾವ ಮಾತು ಹೇಳುತ್ತಿದ್ದರು? ‘ಹಿಂದಕ್ಕೆ ತಂದರು’ ಅಂತ ಒಬ್ಬರು, ‘ಮುಂಚಿತವಾಗಿ ಇಟ್ಟುಕೊಂಡರು’ ಅಂತ ಇನ್ನೊಬ್ಬರು ಹೇಳಿದ್ದಾರೆ. ಊರಿನ ಹೆಸರು ಸೇರಿಸಿ ಬರೆದರೆ ಉಪಕಾರ.